ಇಂಗಾಲದ ಲೆಕ್ಕವಿಟ್ಟ ಪಂಚಾಯತು: ವಯನಾಡಿನ ಮೀನಂಗಾಡಿ

ಮೈಸೂರಿನಿಂದ ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ದಾಟಿ ಕಲ್ಲಿಕೋಟೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಮೀನಂಗಾಡಿ ಇದೆ. ಕಾಫಿ, ಕರಿಮೆಣಸು, ಭತ್ತ ಬೆಳೆಯುವ ಈ ಗ್ರಾಮ ಪಂಚಾಯತು 2016ರಲ್ಲಿ ‘ಇಂಗಾಲ ತಟಸ್ಥ’ವಾಗುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಕೇರಳದ ಅಂದಿನ ಹಣಕಾಸು ಸಚಿವ ಥಾಮಸ್ ಐಸಾಕ್ ಇದಕ್ಕೆ ಬೆಂಬಲವಿತ್ತರು. ತಣಲ್ ಎಂಬ ಪರಿಸರ ಸಂಸ್ಥೆ ತಾಂತ್ರಿಕ ನೆರವು ನೀಡಿತು.

ಊರೊಂದು ಹೊರಸೂಸುವ ಹಸಿರುಮನೆ ಅನಿಲಗಳಷ್ಟನ್ನು ಅಲ್ಲಿನ ಮರಗಳೂ ಮಣ್ಣೂ ಹೀರಿಕೊಂಡರೆ ಆ ಊರನ್ನು ಇಂಗಾಲ ತಟಸ್ಥವೆನ್ನುತ್ತಾರೆ. ಇಂತಹ ಲೆಕ್ಕದಲ್ಲಿ ವಾಹನಗಳ ಇಂಧನ, ಮನೆಯ ವಿದ್ಯುತ್ತು, ಒಲೆಯ ಸೌದೆ ಮಾತ್ರವಲ್ಲ, ನೀರು ನಿಂತ ಗದ್ದೆಯಿಂದಲೂ ಹಟ್ಟಿಯ ದನಗಳಿಂದಲೂ ಬರುವ ಮೀಥೇನ್, ರಸಗೊಬ್ಬರದಿಂದ ಏಳುವ ನೈಟ್ರಸ್ ಆಕ್ಸೈಡ್ ಕೂಡ ಸೇರುತ್ತವೆ. ನೂರು ವರ್ಷಗಳ ಅವಧಿಯಲ್ಲಿ ಮೀಥೇನ್ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಆದುದರಿಂದ ಎಲ್ಲ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡಿನ ಅಳತೆಗೆ ತಂದು ಕೂಡಿಸುವುದು ಕ್ರಮ.

ಮೀನಂಗಾಡಿಯ ಸಮೀಕ್ಷೆಯಲ್ಲಿ ವಾರ್ಷಿಕ ಹೊರಸೂಸುವಿಕೆ ಸುಮಾರು 33,375 ಟನ್ ಎಂದೂ ಹೀರಿಕೊಳ್ಳುವಿಕೆ ಸುಮಾರು 21,962 ಟನ್ ಎಂದೂ ಕಂಡುಬಂತು. ಹಸಿರೇ ತುಂಬಿದಂತೆ ಕಾಣುವ ಮಲೆನಾಡಿನ ಊರೂ 11,400 ಟನ್ನಿಗಿಂತ ಹೆಚ್ಚು ಬಾಕಿ ಉಳಿಸಿಕೊಂಡಿತ್ತು. ನಮ್ಮ ತರಗತಿಗಳಲ್ಲಿ ಇದು ಬರಿಯ ಕಳೆಯುವ ಲೆಕ್ಕ. ಆದರೆ ಆ ಎರಡು ಸಂಖ್ಯೆಗಳನ್ನು ಪಡೆಯಲು ಊರನ್ನೇ ಅಳೆಯಬೇಕು.

ಬಾಕಿ ತೀರಿಸಲು ಹೂಡಿದ ಉಪಾಯಗಳಲ್ಲಿ ‘ಮರ ಬ್ಯಾಂಕು’ ವಿಶಿಷ್ಟವಾದುದು. ರೈತನು ನೆಟ್ಟ ಮರವನ್ನೇ ಅಡವಿಟ್ಟುಕೊಂಡು ಸಹಕಾರಿ ಬ್ಯಾಂಕು ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಮರ ನಿಂತಿರುವವರೆಗೆ ಸಾಲ ತೀರಿಸಬೇಕಾಗಿಲ್ಲ, ಕಡಿದರೆ ಹಿಂತಿರುಗಿಸಬೇಕು. ಇದಕ್ಕಾಗಿ ರಾಜ್ಯ ಸರ್ಕಾರ 10 ಕೋಟಿ ರೂಪಾಯಿಯ ನಿಧಿ ಒದಗಿಸಿತು. ಸಸಿ ನೆಟ್ಟು ಭಾವಚಿತ್ರ ತೆಗೆಸಿಕೊಳ್ಳುವ ವನಮಹೋತ್ಸವಗಳನ್ನು ಬೇಕಾದಷ್ಟು ಕಂಡಿದ್ದೇವೆ. ಇಲ್ಲಿ ಹಣ ಸಲ್ಲುವುದು ಮರವನ್ನು ಉಳಿಸಿದ್ದಕ್ಕೆ. ಆದರೂ ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಎದುರಾದಾಗ 50 ರೂಪಾಯಿ ಕೊಡಲಿಯನ್ನು ತಡೆದೀತೇ ಎಂಬ ಸಂದೇಹ ನಮಗಿದೆ. ಅಲ್ಲದೆ ಎಳೆಯ ಸಸಿ ಹೀರುವುದು ಅಲ್ಪ. ಇಂಧನವನ್ನೂ ವಿದ್ಯುತ್ತನ್ನೂ ಇಂದೇ ಮಿತಗೊಳಿಸದೆ ಕೇವಲ ಮರಗಳಿಂದ ಬಾಕಿ ತೀರದು.

2050ರ ವೇಳೆಗೆ ಇಡೀ ರಾಜ್ಯವೇ ಇಂಗಾಲ ತಟಸ್ಥವಾಗಬೇಕೆಂಬುದು ಕೇರಳದ ಗುರಿ. ಹಾಗಾಗಿ ಇಂತಹ ಪ್ರಶ್ನಾವಳಿ ಮಂಜೇಶ್ವರದ ಮನೆಗೂ ಬಂದೀತು: ತಿಂಗಳಿಗೆ ಎಷ್ಟು ಯೂನಿಟ್, ಸಿಲಿಂಡರ್ ಎಷ್ಟು ದಿನ, ತೋಟದಲ್ಲಿ ಎಷ್ಟು ಮರ. ಪ್ರಶ್ನೆ ಅರ್ಥವಾಗದ ಮನೆಯ ಉತ್ತರ ತಪ್ಪಾದರೆ ಊರಿನ ಲೆಕ್ಕವೂ ತಪ್ಪುತ್ತದೆ. ಆದುದರಿಂದ ಪ್ರಶ್ನಾವಳಿಯೂ ಗ್ರಾಮಸಭೆಯ ಕರಡು ಯೋಜನೆಯೂ ಕನ್ನಡದಲ್ಲಿ ದೊರೆಯಬೇಕೆಂದು ಪೋಷಕರು ಮೊದಲೇ ಲಿಖಿತವಾಗಿ ಕೇಳಬೇಕು. ರಾಜ್ಯ ಸರ್ಕಾರದೊಡನೆಯೂ ತಾವು ನೆಲೆಸಿರುವ ಪ್ರದೇಶದ ಅದರ ಕಚೇರಿಗಳೊಡನೆಯೂ ಕನ್ನಡದಲ್ಲಿ ವ್ಯವಹರಿಸಿ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ನೀಡಿದೆ.