ಕಡತಪಟ್ಟಿಯ ಕೆಂಪು, ಅಡಿಕೆಯ ಕೆಂಪು

ಕಂಪ್ಯೂಟರಿನ ಕಡತಪಟ್ಟಿಗೆ ಬಣ್ಣ ಬಂದದ್ದು ತಡವಾಗಿ. 1971ರ ಮೊದಲ ಯುನಿಕ್ಸ್‌ನಲ್ಲೇ ‘ಎಲ್‌ಎಸ್’ ಆಜ್ಞೆ ಇತ್ತು. ಅದು ಕೊಡುತ್ತಿದ್ದುದು ಬರಿಯ ಹೆಸರುಗಳ ಸಾಲು. ಆಮೇಲೆ ಬರ್ಕ್ಲಿಯವರ ಯುನಿಕ್ಸ್ ಹೆಸರಿನ ತುದಿಗೆ ಗುರುತು ಹಚ್ಚಿತು: ಡೈರೆಕ್ಟರಿಗೆ ಓರೆಗೆರೆ, ಚಲಾಯಿಸಬಲ್ಲ ಕಡತಕ್ಕೆ ನಕ್ಷತ್ರ. ಟರ್ಮಿನಲ್ ಮಾನಕದಲ್ಲಿ ಬಣ್ಣಕ್ಕೆ ಸಿಕ್ಕಿದ ಸಂಕೇತಗಳು 30ರಿಂದ 37ರವರೆಗೆ, ಎಂಟೇ ಎಂಟು. 1990ರ ದಶಕದಲ್ಲಿ ಲಿನಕ್ಸ್ ಜೊತೆ ಬಣ್ಣದ ಎಲ್‌ಎಸ್ ಮನೆಮನೆಗೆ ಹೋದಾಗ ಈ ಎಂಟರಲ್ಲೇ ಹಂಚಿಕೆ ನಡೆಯಿತು. ಎಚ್. ಪೀಟರ್ ಆನ್ವಿನ್ ಬರೆದ, ಎಲ್‌ಎಸ್‌ಗೆ ಬಣ್ಣ ಗೊತ್ತುಮಾಡುವ ‘ಡಿರ್‌ಕಲರ್ಸ್’ ಈಗಲೂ ಡೈರೆಕ್ಟರಿಗೆ ನೀಲಿ, ಚಲಾಯಿಸುವ ಕಡತಕ್ಕೆ ಹಸಿರು, ಕುಗ್ಗಿಸಿ ಕಟ್ಟಿಟ್ಟ ಕಡತಕ್ಕೆ ಕೆಂಪು ಕೊಡುತ್ತದೆ. ಕಪ್ಪು ಪರದೆಯ ಮೇಲೆ ಆ ನೀಲಿಯನ್ನು ಓದಲು ಕಣ್ಣು ಕಿರಿದು ಮಾಡಬೇಕಾದರೂ ರೂಢಿ ಬದಲಾಗಲಿಲ್ಲ.

ಎಡಿಟರಿನೊಳಗಿನ ಪಟ್ಟಿಯ ಕಥೆ ಬೇರೆ. ‘ಡೈರೆಡ್’ ಎಂಬ ಡೈರೆಕ್ಟರಿ ಎಡಿಟರನ್ನು ಸುಮಾರು 1974ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಸ್ಟ್ಯಾನ್ ಕೂಗೆಲ್ ಬರೆದರು. ಇಂದು ಅದು ಇಮ್ಯಾಕ್ಸ್ ಎಂಬ ಎಡಿಟರಿನ ಭಾಗ. ಅದು ಎಲ್‌ಎಸ್ ಕೊಟ್ಟ ಉದ್ದನೆಯ ಪಟ್ಟಿಯನ್ನು ಸಾಮಾನ್ಯ ಪಠ್ಯದಂತೆ ಎದುರಿಗಿಟ್ಟು, ಸಾಲಿನ ಅಕ್ಷರಗಳನ್ನು ಓದಿ ಬಣ್ಣ ಹಚ್ಚುತ್ತದೆ: ಅನುಮತಿಯ ಕಂಬಸಾಲು ‘ಡಿ’ ಅಕ್ಷರದಿಂದ ಆರಂಭವಾದರೆ ಡೈರೆಕ್ಟರಿ, ‘ಎಲ್’ ಆದರೆ ಕೊಂಡಿ. ಅಳಿಸಲೆಂದು ಗುರುತಿಸಿದ ಕಡತದ ಮುಂದೆ ದೊಡ್ಡ ‘ಡಿ’ ಬೀಳುತ್ತದೆ, ಹೆಸರು ಎಚ್ಚರಿಕೆಯ ಕೆಂಪಿಗೆ ತಿರುಗುತ್ತದೆ. ಹೀಗೆ ಒಂದೇ ಕೆಂಪು ಟರ್ಮಿನಲ್ಲಿನಲ್ಲಿ ‘ಜೋಪಾನವಾಗಿ ಕಟ್ಟಿಟ್ಟದ್ದು’, ಡೈರೆಡ್‌ನಲ್ಲಿ ‘ಇನ್ನೇನು ಹೋಗುವುದು’. ಥೀಮ್, ಅಂದರೆ ಬಣ್ಣಗಳ ಹೊಂದಿಕೆ, ರಚಿಸುವವರು ಮೊದಲು ಬಗೆಹರಿಸಬೇಕಾದ ತೊಡಕು ಇದೇ ಎಂದು ನನ್ನ ಅಭಿಪ್ರಾಯ.

ಈ ತೊಡಕನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಕುಳಿತು ನೋಡಿದರೆ ಇನ್ನಷ್ಟು ತಿಳಿಯಾಗುತ್ತದೆ. ಈ ಮೂರು ತಾಲ್ಲೂಕುಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಭೌಗೋಳಿಕ ಸೂಚಕ ಸಿಕ್ಕಿತು; ಶಿರಸಿಯ ತೋಟಗಾರ್ಸ್ ಸಹಕಾರಿ ಸೇಲ್ ಸೊಸೈಟಿ ಸ್ಥಾಪನೆಯಾದದ್ದು 1923ರಲ್ಲಿ. ಇಲ್ಲಿನ ದಿನದ ಧಾರಣೆಯೂ ಒಂದು ಪಟ್ಟಿಯೇ: ರಾಶಿ, ಚಾಲಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕ, ಯಲ್ಲಾಪುರದ ಪೇಟೆಯಲ್ಲಿ ಅಪಿಯೂ ಸೇರುತ್ತದೆ. ಎಳೆಯ ಹಸಿರಡಿಕೆಯನ್ನು ಸುಲಿದು, ಬೇಯಿಸಿ, ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಗಟ್ಟಿ ರಸದ, ಬಣ್ಣ ಹಿಡಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಸಿಪ್ಪೆಸಮೇತ ತಿಂಗಳಿಗೂ ಮೀರಿ ಬಿಸಿಲಿಗೆ ಹರವಿ ಆಮೇಲೆ ಸುಲಿದರೆ ಬೆಳ್ಳಗಿನ ಚಾಲಿ. ಹೊರಗಿನಿಂದ ಯಾರೂ ಹಂಚಿದ ಬಣ್ಣವಲ್ಲ ಇದು. ಕಾಯಿ ಎಷ್ಟು ಬೆಳೆದಾಗ ಕೊಯ್ದರು, ಬೇಯಿಸಿದರೋ ಇಲ್ಲವೋ ಎಂಬುದೆಲ್ಲ ಅದರಲ್ಲಿದೆ. ಕೆಂಪಡಿಕೆಯಾದ ರಾಶಿಗೆ ಸಾಮಾನ್ಯವಾಗಿ ಚಾಲಿಗಿಂತ ಹೆಚ್ಚಿನ ಧಾರಣೆ. ಈ ಸೀಮೆಯ ಕಣ್ಣಿಗೆ ಕೆಂಪೆಂದರೆ ಅಪಾಯವೆಂದು ಹೇಳಲು ಆಧಾರವಿಲ್ಲ. ಬೇಯಿಸಿ, ಒಣಗಿಸಿ, ಕಾಪಿಡಲು ಸಿದ್ಧಪಡಿಸಿದ್ದು ಎಂಬರ್ಥವೇ ಹತ್ತಿರ. ಆ ಲೆಕ್ಕದಲ್ಲಿ ಕಟ್ಟಿಟ್ಟ ಕಡತಕ್ಕೆ ಕೆಂಪು ಕೊಟ್ಟ ಹಳೆಯ ಟರ್ಮಿನಲ್ ರೂಢಿಯೇ ಇಲ್ಲಿಗೆ ಒಪ್ಪುತ್ತದೆ.

ಅಡಿಕೆ ಕೊಳ್ಳುವವರು ಬಣ್ಣ ಒಂದನ್ನೇ ನಂಬುವುದಿಲ್ಲ. ಗಾತ್ರ ನೋಡುತ್ತಾರೆ, ಕೈಯಲ್ಲಿ ತೂಗುತ್ತಾರೆ, ಒಂದೆರಡನ್ನು ಕತ್ತರಿಸಿ ಒಳಗು ನೋಡುತ್ತಾರೆ. ಕಡತಪಟ್ಟಿಯಲ್ಲೂ ಬಣ್ಣಕ್ಕೆ ಇಂಥ ಎರಡನೆಯ ಸಾಕ್ಷಿ ಬೇಕು. ಕೆಂಪು–ಹಸಿರು ಭೇದ ಕಾಣದವರಿಗೆ, ಅವರಲ್ಲಿ ಬಹುಪಾಲು ಗಂಡಸರು, ಡಿರ್‌ಕಲರ್ಸ್‌ನ ಎರಡು ಮುಖ್ಯ ವರ್ಗಗಳು ಒಂದಾಗಿಬಿಡಬಹುದು. 2011ರಲ್ಲಿ ಈಥನ್ ಸ್ಕೂನೋವರ್ ಹದಿನಾರು ಬಣ್ಣಗಳ ‘ಸೋಲರೈಸ್ಡ್’ ಥೀಮ್ ಹೊರತಂದಾಗ ಕಣ್ಣಿಗೆ ಹಿತವಾಗುವುದೇ ಗುರಿಯಾಗಿತ್ತು. ಪ್ರೊಟೆಸಿಲಾವೋಸ್ ಸ್ಟಾವ್ರು ಅವರ ‘ಮೋಡಸ್’ ಥೀಮ್‌ಗಳು ಅಕ್ಷರಕ್ಕೂ ಹಿನ್ನೆಲೆಗೂ 7:1 ಬೆಳಕಿನ ಅಂತರ ಕಾಯ್ದುಕೊಳ್ಳುವ ಕಠಿಣ ನಿಯಮ ಹಾಕಿಕೊಂಡವು. 2022ರ ಇಮ್ಯಾಕ್ಸ್ 28ರಲ್ಲಿ ಅವು ಅಂತರ್ಗತವಾದವು. ನನಗೆ ಎರಡನೆಯ ದಾರಿಯೇ ಹೆಚ್ಚು ಗೌರವಕ್ಕೆ ಅರ್ಹ, ಏಕೆಂದರೆ ಅದು ಎಲ್ಲರ ಕಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಹಾಗಾಗಿ ಈ ಭಾಗದ ಓದುಗರಿಗಾಗಿ ಥೀಮ್ ಹೊಂದಿಸುವವರಿಗೆ ನನ್ನ ಸೂಚನೆ ಇಷ್ಟು: ಡೈರೆಕ್ಟರಿಗೆ ದಪ್ಪಕ್ಷರ ಕೊಟ್ಟು ನೀಲಿಯನ್ನು ತಿಳಿಗೊಳಿಸಿ, ಕಟ್ಟಿಟ್ಟ ಕಡತಕ್ಕೆ ಚೊಗರಿನ ಕಂದುಗೆಂಪು ಇರಲಿ, ಅಳಿಸಬೇಕಾದ ಸಾಲಿನಿಂದ ಕೆಂಪನ್ನು ತೆಗೆದು, ಆ ದೊಡ್ಡ ‘ಡಿ’ ಅಕ್ಷರವನ್ನು ಉಳಿಸಿ, ಹೆಸರಿನ ಮೇಲೆ ಅಡ್ಡಗೆರೆ ಎಳೆಯಿರಿ.