ವಿಶ್ವವಿದ್ಯಾನಿಲಯದ ಸಂಗೀತವೂ ದುರ್ಗದ ಹಾಡೂ

ಸಂಗೀತವನ್ನು ವಿಶ್ವವಿದ್ಯಾನಿಲಯದಲ್ಲಿ ಕಲಿಸಬಹುದೇ ಎಂಬುದು ಹಳೆಯ ಪ್ರಶ್ನೆ. ಗುರುವಿನ ಮನೆಯಲ್ಲಿ ವರ್ಷಾನುಗಟ್ಟಲೆ ಇದ್ದು ಪಡೆಯತಕ್ಕ ವಿದ್ಯೆಯನ್ನು ಗಂಟೆಯ ಲೆಕ್ಕದಲ್ಲಿ ಹಂಚುವುದೆಂತು ಎಂದು ಕೆಲವರು ಸಂಶಯಪಟ್ಟರು. ಆ ಸಂಶಯವನ್ನು ಕಾಲವೇ ಬಗೆಹರಿಸಿತು. ಆದರೆ ಅದರ ಬೆನ್ನಿಗೇ ಇರುವ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿದಿದೆ: ವಿಶ್ವವಿದ್ಯಾನಿಲಯವು ಕಲಿಸುವುದು ಯಾರ ಸಂಗೀತವನ್ನು? ಈ ಪ್ರಶ್ನೆಯನ್ನು ಮೈಸೂರಿನಲ್ಲಿ ನಿಂತು ಕೇಳುವುದಕ್ಕಿಂತ ಚಿತ್ರದುರ್ಗದ ಸೀಮೆಯಲ್ಲಿ ನಿಂತು ಕೇಳಿದರೆ ಅದರ ಅರ್ಥ ಹೆಚ್ಚು ಸ್ಪಷ್ಟವಾಗುವುದು.

ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಇಸವಿ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾಯಿತು. ಆಗ ಸಂಗೀತದ ನಿಜವಾದ ವಿದ್ಯಾಪೀಠವೆಂದರೆ ಅರಮನೆಯೇ. ವೀಣೆ ಶೇಷಣ್ಣನವರು, ವಾಸುದೇವಾಚಾರ್ಯರು ಮೊದಲಾದ ವಿದ್ವಾಂಸರಿಗೆ ಆಶ್ರಯವೂ ಸಭೆಯೂ ಅಲ್ಲಿದ್ದುವು. ಅರಮನೆಯ ಸಭೆಯಿಂದ ಗೃಹಸ್ಥರ ಮನೆಯ ಕೋಣೆಗೆ ಸಂಗೀತವನ್ನು ತಂದವರು ವಿಶ್ವವಿದ್ಯಾನಿಲಯದ ಅಧ್ಯಾಪಕರೊಬ್ಬರೆಂಬುದು ಸ್ಮರಣೀಯ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಪುಟ್ಟ ಪ್ರಸಾರಯಂತ್ರವನ್ನು ಹೂಡಿ ಆಕಾಶವಾಣಿಯನ್ನು ಆರಂಭಿಸಿದರು. ಕಡೆಗೆ 1965ರಲ್ಲಿ ವಿಶ್ವವಿದ್ಯಾನಿಲಯವೇ ಸಂಗೀತಕ್ಕೂ ನೃತ್ಯಕ್ಕೂ ಮೀಸಲಾದ ಕಾಲೇಜನ್ನು ಮೈಸೂರಿನಲ್ಲಿ ತೆರೆಯಿತು.

ಇಂತಹ ವಿದ್ಯಾಶಾಲೆಯ ಬಾಳು ತರಗತಿಯಲ್ಲಿ ಅರ್ಧ, ಕಛೇರಿಯಲ್ಲಿ ಅರ್ಧ. ರಾಗದ ಲಕ್ಷಣವನ್ನು ಹಲಗೆಯ ಮೇಲೆ ಬರೆದು ತೋರಿಸಬಹುದು. ರಾಗದ ಜೀವವನ್ನು ಮಾತ್ರ ಹಾಡುವವನ ಎದುರಿಗೆ ಕುಳಿತೇ ಅರಿಯಬೇಕು. ಕಛೇರಿಯು ಗಾಯಕನನ್ನು ಹೇಗೋ ಹಾಗೆ ಶ್ರೋತೃವನ್ನೂ ಶಿಕ್ಷಣಗೊಳಿಸುವುದು. ಯಾವ ಹಾಡಿಗೆ ಕಛೇರಿಯ ಜಾಗ ದೊರೆಯುವುದೋ ಅದಕ್ಕೆ ಕೇಳುವವರು ಹುಟ್ಟುವರು. ದೊರೆಯದ ಹಾಡಿಗೆ ಕಿವಿಗಳು ಒಂದೊಂದಾಗಿ ಮುಚ್ಚಿಕೊಳ್ಳುವುವು.

ಈಗ ಚಿತ್ರದುರ್ಗದ ಕಡೆಗೆ ತಿರುಗೋಣ. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಈ ಜಿಲ್ಲೆಯ ಉಚ್ಚ ಶಿಕ್ಷಣಕ್ಕೆ ಮೈಸೂರೇ ತವರು. ಮುಂದೆ 2009ರಲ್ಲಿ ದಾವಣಗೆರೆಯಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯವಾಯಿತು. ದುರ್ಗದ ಹುಡುಗರು ಮೈಸೂರಿಗೆ ಹೋಗಿ ಪದವೀಧರರಾದರು. ಅವರ ಊರಿನ ಹಾಡು ಅವರೊಡನೆ ಹೋಯಿತೇ?

ಹಾಡಿಗೆ ಈ ಬಯಲುಸೀಮೆಯಲ್ಲಿ ಬರವೆಂಬುದಿರಲಿಲ್ಲ. ಹಿರಿಯೂರು ಮೊದಲಾದ ಕಡೆಗಳ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರು ತಮ್ಮ ವೀರನಾದ ಜುಂಜಪ್ಪನ ಕಥೆಯನ್ನು ಗಣೆಯೊಡನೆ ಹಾಡುವರು. ಗಣೆಯೆಂಬುದು ಉದ್ದವಾದ ಬಿದಿರ ಕೊಳಲು. ಜುಂಜಪ್ಪನೂ ಗಣೆ ಊದಿದವನೆಂದೇ ಅವರ ನಂಬುಗೆ. ಆದುದರಿಂದ ಅದು ಅವರಿಗೆ ಬರಿಯ ಪಕ್ಕವಾದ್ಯವಲ್ಲ, ಕಥೆಯ ಒಂದು ಪಾತ್ರವೆಂದೇ ಹೇಳಬೇಕು. ದೇವರ ಉತ್ಸವಗಳಲ್ಲಿ ಉರುಮೆಯು ಮೊಳಗುವುದು. ಅದರ ಒಂದು ಮಗ್ಗುಲನ್ನು ಕೋಲಿನಿಂದ ಉಜ್ಜಿ ಹೊರಡಿಸುವ ಗುರುಗುಟ್ಟುವ ನಾದವನ್ನು ಯಾವ ಸ್ವರಲಿಪಿಯಲ್ಲಿ ಬರೆಯಲಾದೀತು? ಹೊಳಲ್ಕೆರೆ, ಹೊಸದುರ್ಗಗಳ ಹಳ್ಳಿಗಳಲ್ಲಿ ಮದುವೆಯ ಸೋಬಾನೆ, ಭಜನೆ, ಕೋಲಾಟದ ಪದಗಳು, ವೀರಗಾಸೆಯ ಒಡಪುಗಳು ಇವೆ. ಇವುಗಳಿಗೂ ತಮ್ಮ ಧಾಟಿಯುಂಟು, ಲಯವುಂಟು, ತಪ್ಪಿದರೆ ತಿದ್ದುವ ಹಿರಿಯರುಂಟು. ಅಂದಮೇಲೆ ಇವುಗಳಿಗೂ ಶಾಸ್ತ್ರವುಂಟು.

ಈ ಲೋಕವು ಮೈಸೂರನ್ನು ಮುಟ್ಟಿದುದು ಸಂಗೀತದ ಬಾಗಿಲಿನಿಂದಲ್ಲ. ಕನ್ನಡ ಸಾಹಿತ್ಯದ ಬಾಗಿಲಿನಿಂದ. 1968ರಲ್ಲಿ ವಿಶ್ವವಿದ್ಯಾನಿಲಯವು ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ತೆರೆಯಿತು. ನಾಲ್ವಡಿಯವರ ಹಿರಿಯ ಸೋದರಿಗಾಗಿ ಕಟ್ಟಿಸಿದ ಅರಮನೆಯೊಳಗೆ ಹಳ್ಳಿಗರ ಮುಖವಾಡಗಳೂ ತೊಗಲುಗೊಂಬೆಗಳೂ ವಾದ್ಯಗಳೂ ಬಂದು ಕುಳಿತುವು. ಅವನ್ನು ಊರೂರು ತಿರುಗಿ ಸಂಗ್ರಹಿಸುವುದರಲ್ಲಿ ಬಹುವಾಗಿ ಶ್ರಮಿಸಿದವರು ಪಿ. ಆರ್. ತಿಪ್ಪೇಸ್ವಾಮಿಯವರು, 1922ರಲ್ಲಿ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ ಹುಟ್ಟಿದ ಚಿತ್ರಕಾರರು. ಹಟ್ಟಿಯ ಬದುಕನ್ನು ಕಣ್ಣಾರೆ ಕಂಡು ಬೆಳೆದವರಲ್ಲದೆ ಇನ್ನಾರು ಅದರ ಬೆಲೆಯನ್ನು ಹಾಗೆ ಬಲ್ಲರು?

ಲಾಭವು ದೊಡ್ಡದು, ಆದರೆ ನಷ್ಟವನ್ನೂ ಲೆಕ್ಕವಿಡಬೇಕು. ಸಾಹಿತ್ಯದ ಬಾಗಿಲಿನಿಂದ ಬಂದ ಹಾಡು ಪಠ್ಯವಾಗುವುದು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಅರಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಹಿಡಿದಿದ್ದವರು. ಕೃಷ್ಣಮೂರ್ತಿ ಹನೂರರು ಅವನ್ನು ಕೇಳಿ, ಬರೆದುಕೊಂಡು ಪ್ರಕಟಿಸಿದುದು ಕನ್ನಡಕ್ಕೆ ಸಂದ ಮಹೋಪಕಾರ. ಅವರ ಪ್ರಯತ್ನವಿಲ್ಲದಿದ್ದರೆ ಮಾತೂ ಉಳಿಯುತ್ತಿರಲಿಲ್ಲ. ಆದರೆ ಅಚ್ಚಿನ ಪುಟ ಹೊರಬಲ್ಲುದು ಮಾತನ್ನಷ್ಟೆ. ಸಾಲಿನ ಕೊನೆಯಲ್ಲಿ ದನಿ ಎಲ್ಲಿ ಇಳಿಯಿತು, ಸೊಲ್ಲನ್ನು ಜೊತೆಯವರು ಎಲ್ಲಿ ಎತ್ತಿಕೊಂಡರು ಎಂಬುದನ್ನು ಅದು ಹೇಳಲಾರದು. ಗಾಜಿನ ಹಿಂದಿನ ವಾದ್ಯದ ಸ್ಥಿತಿಯೂ ಇದೇ. ಅದು ನುಸಿ ಹಿಡಿಯದೆ ಉಳಿದೀತು. ಊದುವ ಉಸಿರು, ಬಾರಿಸುವ ಕೈ ಇಲ್ಲದೆ ಅದಕ್ಕೆ ನುಡಿಯೆಲ್ಲಿ?

ಒಂದೇ ವಿಶ್ವವಿದ್ಯಾನಿಲಯದೊಳಗೆ ಹೀಗೆ ಎರಡು ಮನೆಗಳಾದುವು: ಒಂದರಲ್ಲಿ ಕಛೇರಿ, ಇನ್ನೊಂದರಲ್ಲಿ ಸಂಗ್ರಹ. ಈ ವಿಭಾಗವು ಮುಂದೆ ಇನ್ನೂ ಬೆಳೆಯಿತು. ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾನಿಲಯವು ಮೈಸೂರಿನಲ್ಲಿಯೂ, ಜಾನಪದ ವಿಶ್ವವಿದ್ಯಾನಿಲಯವು ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿಯೂ ನೆಲೆಗೊಂಡುವು. ಎರಡೂ ನಮಗೆ ಬೇಕಾದುವೇ. ಆದರೆ ಹಾಡುವ ಕೊರಳು ತಾನು ಇಂತಹ ಇಲಾಖೆಗೆ ಸೇರಿದವಳೆಂದು ಅರಿತು ಹಾಡುವುದಿಲ್ಲ.

ಇವೆರಡನ್ನೂ ಕೂಡಿಸುವುದು ಅಸಾಧ್ಯವೆಂದು ಹೇಳುವವರು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನು ನೋಡಬೇಕು. ಅಲ್ಲಿಂದ 1997ರಲ್ಲಿ ಹೊರಟ ಶಿವಸಂಚಾರವೆಂಬ ನಾಟಕತಂಡವು ಊರೂರಿಗೆ ಹೋಗುತ್ತ ರಂಗಭೂಮಿಯನ್ನೂ ಗಾನವನ್ನೂ ಹಳ್ಳಿಗರ ಎದುರಿಗೇ ಇಟ್ಟಿತು. ಪದವಿಯ ಹಂಗಿಲ್ಲದೆಯೇ ಒಂದು ಹಳ್ಳಿ ಶ್ರೋತೃಗಳನ್ನು ಸೃಷ್ಟಿಸಬಲ್ಲುದಾದರೆ, ವಿಶ್ವವಿದ್ಯಾನಿಲಯಕ್ಕೆ ಅದು ಅಸಾಧ್ಯವಾಗಬಾರದು.

ನಾವು ಬೇಡುವುದು ಹೆಚ್ಚಿನದೇನೂ ಅಲ್ಲ. ಗಣೆಯವನು ಸಂಗೀತ ವಿಭಾಗದ ವೇದಿಕೆಗೆ ಬರಲಿ. ಸಂಶೋಧನೆಯ ಸಾಮಗ್ರಿಯಾಗಿ ಅಲ್ಲ, ವಿದ್ವಾಂಸನಾಗಿ. ವೈಣಿಕನಿಗೆ ಸಲ್ಲುವ ಮೌನವೂ ಸಂಭಾವನೆಯೂ ಅವನಿಗೂ ಸಲ್ಲಲಿ. ಕೀರ್ತನೆ ಕಲಿಯುವ ವಿದ್ಯಾರ್ಥಿನಿ ವರ್ಷಕ್ಕೆ ಕೆಲವು ದಿನವಾದರೂ ಹಟ್ಟಿಯ ಅಜ್ಜಿಯ ಬಳಿ ಕುಳಿತು, ಬರೆದುಕೊಳ್ಳದೆ, ಬಾಯಿಂದ ಬಾಯಿಗೆ ಒಂದು ಪದವನ್ನು ಕಲಿಯಲಿ. ಧಾಟಿಯು ಉಳಿಯುವುದಕ್ಕೆ ಬೇರೊಂದು ದಾರಿ ಇಲ್ಲ. ಬಲ್ಲ ಹಿರಿಯರು ವರ್ಷ ವರ್ಷಕ್ಕೆ ಕಡಮೆಯಾಗುತ್ತಿರುವರು. ಕಲಿಯತಕ್ಕವರು ಅವರಿರುವಾಗಲೇ ಹೋಗಬೇಕು.