ಕಾಯುವ ದೇವರು

ದನ ಕಾಯುತ್ತೇವೆ, ಬಸ್ಸಿಗೆ ಕಾಯುತ್ತೇವೆ, ಒಲೆಯ ಮೇಲೆ ನೀರೂ ಕಾಯುತ್ತದೆ. ಕನ್ನಡದ ಕಿವಿಗೆ ಮೂರಕ್ಕೂ ಒಂದೇ ಕ್ರಿಯಾಪದ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ. ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶದಲ್ಲಿ ಬಿಸಿಯಾಗುವ ‘ಕಾಯ್’ ಒಂದು ನಮೂದು, ರಕ್ಷಿಸುವ ‘ಕಾ’ ಇನ್ನೊಂದು. ಕಾವು ಮೊದಲನೆಯದರ ಕೂಸು. ಕಾವಲು, ಕಾಪು, ಕಾಪಾಡು ಎರಡನೆಯದರವು. ಹಾದಿ ನೋಡುತ್ತ ಕಾಯುವುದೂ ಈ ಎರಡನೆಯ ಮನೆಗೇ ಸೇರಿದ್ದು, ತಮಿಳರ ‘ಕಾತ್ತಿರು’ವಿನ ಹಾಗೆ. ಅಂದರೆ ಕಾವಲು ಕೂರುವುದಕ್ಕೂ ಒಬ್ಬರು ಬರಲೆಂದು ಕೂರುವುದಕ್ಕೂ ಬೇರೆ ಬೇರೆ ಮಾತು ಬೇಕೆಂದು ನಮ್ಮ ಹಿರೀಕರಿಗೆ ಅನ್ನಿಸಿರಲಿಲ್ಲ. ರಾತ್ರಿ ಹೊಲದ ಅಟ್ಟಣೆಯ ಮೇಲೆ ಕೂತವನು ಪೈರನ್ನೂ ಕಾಯುತ್ತಾನೆ, ಬೆಳಗಾಗಲೆಂದೂ ಕಾಯುತ್ತಾನೆ. (ಕಾದಾಟದ ‘ಕಾದು’ ಬೇರೆಯೇ ಮಾತು. ಆದರೂ ಊರ ತುರುಗಳನ್ನು ಕಾಯಲು ಹೋಗಿ ‘ಕಾದಿ ಸತ್ತ’ವರ ವೀರಗಲ್ಲಿನ ಮುಂದೆ ನಿಂತಾಗ ಎರಡೂ ಒಂದೇ ಅನ್ನಿಸಿಬಿಡುತ್ತದೆ.)

ವ್ಯಾಕರಣ ಈ ಎರಡು ಅರ್ಥಗಳನ್ನು ವಿಭಕ್ತಿಯಿಂದ ಬೇರ್ಪಡಿಸುತ್ತದೆ. ‘ಅವನಿಗೆ ಕಾದೆ’ ಎಂದರೆ ಬರಲೆಂದು ಕಾದದ್ದು. ‘ಅವನನ್ನು ಕಾದೆ’ ಎಂದರೆ ಕೇಡು ತಟ್ಟದಂತೆ ನೋಡಿಕೊಂಡದ್ದು. ಆಡುಮಾತಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಊಟದ ಹೊತ್ತು ಮೀರಿ ಬಂದ ಮಗನಿಗೆ ತಾಯಿ ‘ನಿನ್ನನ್ನೇ ಕಾಯ್ತಾ ಇದ್ದೆ ಕಣೋ’ ಅನ್ನುತ್ತಾಳೆ. ಆ ಒಂದು ಪ್ರತ್ಯಯದಲ್ಲಿ ಎರಡೂ ಅರ್ಥ ಕೂಡಿಕೊಂಡಿವೆ. ‘ದೇವರು ನಮ್ಮನ್ನು ಕಾಯುತ್ತಾನೆ’ ಎಂಬ ಮಾತನ್ನೂ ಅದೇ ಕಿವಿಯಿಂದ ಕೇಳಿಸಿಕೊಳ್ಳಬೇಕೆಂದು ನನ್ನ ಆಸೆ. ಕ್ರೈಸ್ತ ನಂಬಿಕೆಯ ಹಳೆಯ ಗಂಟೊಂದು ಆ ವಾಕ್ಯದಲ್ಲಿ ಸಡಿಲವಾಗುತ್ತದೆ.

ಗಂಟು ಇದು. ಯೇಸು ಮತ್ತೆ ಬರುತ್ತೇನೆಂದು ಹೇಳಿ ಹೋದ. ಇನ್ನೂ ಬಂದಿಲ್ಲ. ನೈಸಿಯದ ವಿಶ್ವಾಸಪ್ರಮಾಣ 381ರಲ್ಲಿ ಈಗಿನ ರೂಪ ಪಡೆಯಿತು. ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಆತನು ಮಹಿಮೆಯಿಂದ ತಿರುಗಿ ಬರುವನೆಂದು ಅಂದಿನಿಂದ ಸಭೆಗಳು ಹೇಳಿಕೊಂಡು ಬಂದಿವೆ. ಕರ್ತನ ಭೋಜನದಲ್ಲಿ ರೊಟ್ಟಿ ಮುರಿಯುವುದೂ ‘ಆತನು ಬರುವ ತನಕ’. ಅಂದರೆ ನಮ್ಮ ಅತ್ಯಂತ ಪವಿತ್ರವಾದ ಊಟಕ್ಕೂ ಒಂದು ಗಡುವಿದೆ.

ನಮ್ಮ ಸಭೆಗಳಲ್ಲಿ ಇದಕ್ಕೆ ‘ಎರಡನೆಯ ಬರೋಣ’ ಅನ್ನುತ್ತಾರೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ, ‘ಪೇಟೆಗೆ ಹೋಗಿ ಬರೋಣ’ ಎನ್ನುವಾಗಿನ ಬರೋಣವೇನೋ ಎಂಬ ಹಾಗೆ. ಇಲ್ಲಿನದು ಹಳೆಯ ಭಾವನಾಮ, ಬರುವಿಕೆ ಎಂದರ್ಥ. ಪೌರಾಣಿಕ ನಾಟಕಗಳ ಆಸ್ಥಾನದಲ್ಲಿ ದೊಡ್ಡವರನ್ನು ‘ದಯಮಾಡಿಸೋಣವಾಗಲಿ’ ಎಂದು ಎದುರುಗೊಳ್ಳುತ್ತಾರಲ್ಲ, ಆ ‘ಓಣ’. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಈ ಜಾಗದಲ್ಲಿರುವ ‘ಪರೂಸಿಯ’ ಕೂಡ ಅರಸರು ಊರಿಗೆ ಬಿಜಯಂಗೈಯುವುದಕ್ಕೆ ಬಳಕೆಯಲ್ಲಿದ್ದ ಮಾತು. ಎದುರಿಗೇ ಇರುವುದು ಎಂಬ ಅರ್ಥವೂ ಅದಕ್ಕುಂಟು. ಆಗಮನ, ಪುನರಾಗಮನ ಎಂಬ ಸಂಸ್ಕೃತದ ಮಾತುಗಳಿಗಿಂತ ನನಗೆ ‘ಬರೋಣ’ವೇ ಹತ್ತಿರದ್ದು. ಅದರಲ್ಲಿ ಕರೆಯುವವರ ದನಿಯೂ ಇದೆ.

ತಡವಾಯಿತು ಎಂಬ ಕಳವಳ ಇಂದಿನದಲ್ಲ. ಸುಮಾರು ಕ್ರಿ.ಶ. 50ರಲ್ಲಿ ಪೌಲನು ಥೆಸಲೋನಿಕದವರಿಗೆ ಬರೆದಾಗಲೇ ಅದಿತ್ತು. ಕ್ರಿಸ್ತನು ಬರುವುದಕ್ಕೆ ಮುಂಚೆಯೇ ತೀರಿಕೊಂಡ ನಮ್ಮವರ ಗತಿಯೇನು ಎಂದು ಅಲ್ಲಿನ ಸಭೆ ಕೊರಗುತ್ತಿತ್ತು. ಪೇತ್ರನ ಹೆಸರಿನ ಎರಡನೆಯ ಪತ್ರದ ಹೊತ್ತಿಗೆ ಕೊರಗು ಕುಚೋದ್ಯವಾಗಿದೆ. ಬರುತ್ತೇನೆಂದವನು ಎಲ್ಲಿ, ಹಿರಿಯರೆಲ್ಲ ಮಣ್ಣಾದರು, ಲೋಕದಲ್ಲಿ ಏನು ಬದಲಾಗಿದೆ ಎಂದು ಕೆಣಕುವವರಿದ್ದಾರೆ. ಪತ್ರದ ಮೂರನೆಯ ಅಧ್ಯಾಯ ಅವರಿಗೆ ಕೊಟ್ಟ ಉತ್ತರ. 90ನೆಯ ಕೀರ್ತನೆಯನ್ನು ನೆನೆದು, ಕರ್ತನಿಗೆ ಸಾವಿರ ವರ್ಷವೂ ಒಂದು ದಿನವೂ ಒಂದೇ ಎನ್ನುತ್ತದೆ ಅದು. ಜನ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ, ದೇವರ ಗಡಿಯಾರ ಬೇರೆ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಪತ್ರದ ಜೀವ ಇರುವುದು ಮರುವಾಕ್ಯದಲ್ಲಿ: ಇದು ತಡವಲ್ಲ, ಒಬ್ಬರೂ ಹಾಳಾಗಬಾರದು, ಎಲ್ಲರೂ ತಿರುಗಿಕೊಳ್ಳಬೇಕು ಎಂದು ಆತನು ತಾಳಿಕೊಂಡಿದ್ದಾನೆ. ನಾವು ಆತನಿಗೆ ಕಾಯುತ್ತಿದ್ದೇವೆ ಅಂದುಕೊಂಡಿದ್ದೆವು. ಕಾಯುತ್ತಿರುವವನು ಆತನು.

ಇದೇ ಅಧ್ಯಾಯದಲ್ಲಿ ಆಕಾಶವನ್ನೂ ಭೂಮಿಯನ್ನೂ ಆ ದಿನಕ್ಕೆಂದು ಕಾಯ್ದಿರಿಸಿದ ಮಾತಿದೆ, ಮೂಲವಸ್ತುಗಳು ಉರಿದು ಕರಗುವ ಮಾತೂ ಇದೆ. ಕನ್ನಡದ ಮೂರೂ ಕಾಯುವಿಕೆಗಳು ಹದಿನೆಂಟು ವಚನಗಳ ಒಂದು ಅಧ್ಯಾಯದಲ್ಲಿ ಸೇರಿಕೊಂಡಿವೆ. ಗ್ರೀಕ್ ಓದುಗನಿಗೆ ಇದು ಕಾಣುವುದಿಲ್ಲ. ಕನ್ನಡದವನಿಗೆ ಮಾತ್ರ ದಕ್ಕುವ ಭಾಗ್ಯ.

ದೇವರ ಈ ಕಾಯುವಿಕೆಗೆ ಕನ್ನಡ ಬೈಬಲು ಇಟ್ಟ ಹೆಸರು ‘ದೀರ್ಘಶಾಂತಿ’. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು 1831ರಲ್ಲಿ ಇಡೀ ಬೈಬಲನ್ನು ಕನ್ನಡಕ್ಕೆ ತಂದು ಮುಗಿಸಿದರು. ಆಮೇಲೆ ಎಷ್ಟೋ ಪರಿಷ್ಕರಣೆಗಳಾದವು. ಚರ್ಚಿನ ಹೊರಗೆ ಯಾರೂ ಬಳಸದ ಈ ಮಾತು ಚರ್ಚಿನ ಒಳಗೆ ಅಜ್ಜಿಯರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಅದರ ಹಿಂದೆ ಗ್ರೀಕಿನ ‘ಮಾಕ್ರೊಥೂಮಿಯ’, ಅದರ ಹಿಂದೆ ಹೀಬ್ರೂವಿನ ‘ಎರೆಕ್ ಅಪ್ಪಾಯಿಮ್’. ಹೀಬ್ರೂ ಮಾತನ್ನು ಅಕ್ಷರಶಃ ಬಿಡಿಸಿದರೆ ‘ಉದ್ದ ಮೂಗಿನವನು’! ಆ ಭಾಷೆಯಲ್ಲಿ ಸಿಟ್ಟು ಬಂದವನ ಮೂಗು ಕಾಯುತ್ತದೆ, ಉರಿಯುತ್ತದೆ. ಮೂಗು ಉದ್ದವಿದ್ದವನಿಗೆ ಬಿಸಿ ಏರಲು ಹೊತ್ತು ಹಿಡಿಯುತ್ತದೆ. ‘ಅವನಿಗೆ ಮೂಗಿನ ತುದಿಯಲ್ಲೇ ಕೋಪ’ ಎನ್ನುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಸೀನಾಯಿ ಬೆಟ್ಟದ ಮೇಲೆ ದೇವರು ಮೋಶೆಗೆ ತನ್ನ ಹೆಸರನ್ನು ಸಾರುವಾಗ ಈ ಗುಣವನ್ನೂ ಹೇಳಿಕೊಳ್ಳುತ್ತಾನೆ. ಅದೂ ಯಾವಾಗ? ಜನ ಚಿನ್ನದ ಬಸವನ ಮುಂದೆ ಕುಣಿದ ಮೇಲೆ.

ಯೋನ ಪ್ರವಾದಿಗೆ ಈ ಗುಣವೇ ತಕರಾರು. ನಿನೆವೆಗೆ ಕೊಟ್ಟ ಗಡುವು 40 ದಿನ. ಊರು ಪಶ್ಚಾತ್ತಾಪಪಟ್ಟಿತು, ದೇವರು ಸುಮ್ಮನಾದ. ನೀನು ಹೀಗೆ ದೀರ್ಘಶಾಂತನೆಂದು ಗೊತ್ತಿದ್ದೇ ನಾನು ಓಡಿಹೋದದ್ದು ಎಂದು ಯೋನ ಜಗಳಕ್ಕೆ ನಿಲ್ಲುತ್ತಾನೆ. ಯೋನನನ್ನು ಹಠಮಾರಿ ಎಂದು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ನನಗೆ ಅವನ ಮಾತನ್ನು ಹಾಗೆ ತಳ್ಳಿಹಾಕಲು ಮನಸ್ಸಾಗುವುದಿಲ್ಲ. ನಿನೆವೆ ಅಶ್ಶೂರರದು, ಅವರ ಸೈನ್ಯ ಯೋನನ ಸೀಮೆಯವರಿಗೆ ಮಾಡಿದ್ದು ಸಣ್ಣದಲ್ಲ. ದೇವರು ತಾಳುತ್ತಾನೆ ಎಂದರೆ ಆ ತಾಳ್ಮೆಯ ಬೆಲೆಯನ್ನು ಯಾರೋ ಇಲ್ಲಿ ತೆರುತ್ತಿರುತ್ತಾರೆ.

‘ತಾಳಿದವನು ಬಾಳಿಯಾನು’ ಎನ್ನುತ್ತದೆ ನಮ್ಮ ಗಾದೆ. ತಾಳಿದವನಿಗೇ ಫಲ. ದೇವರ ವಿಷಯದಲ್ಲಿ ಇದು ತಿರುಗುಮುರುಗು: ತಾಳುವವನು ಒಬ್ಬ, ಬಾಳುವವನು ಇನ್ನೊಬ್ಬ. ಇದು ಸುವಾರ್ತೆಯೇ ಹೌದು. ಆದರೆ ನಡುವೆ ಮೂರನೆಯವನೊಬ್ಬನಿದ್ದಾನೆ, ಪೆಟ್ಟು ತಿಂದವನು. ಪ್ರಕಟನೆ ಗ್ರಂಥದ ಆರನೆಯ ಅಧ್ಯಾಯದಲ್ಲಿ ನಂಬಿಕೆಗಾಗಿ ಹತರಾದವರ ಆತ್ಮಗಳು ಯಜ್ಞವೇದಿಯ ಕೆಳಗಿನಿಂದ ಕೂಗುತ್ತವೆ, ಇನ್ನೂ ಎಷ್ಟು ದಿನ ಒಡೆಯನೇ ಎಂದು. ಅವರಿಗೆ ಸಿಗುವುದು ಒಂದೊಂದು ಬಿಳೀ ನಿಲುವಂಗಿ ಮತ್ತು ಇನ್ನೂ ಸ್ವಲ್ಪ ಕಾಲ ಕಾದಿರಿ ಎಂಬ ಮಾತು. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಖ್ ಬಾನ್‌ಹಾಫರ್ 1943ರ ನವೆಂಬರಿನಲ್ಲಿ ಬರ್ಲಿನ್ನಿನ ಟೆಗೆಲ್ ಸೆರೆಮನೆಯಿಂದ ಬರೆದ ಪತ್ರದಲ್ಲಿ ಸೆರೆಕೋಣೆಯನ್ನು ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನಕಾಲಕ್ಕೆ ಹೋಲಿಸಿದ. ಬಾಗಿಲಿಗೆ ಬೀಗ ಬಿದ್ದಿದೆ, ಅದು ತೆರೆಯುವುದು ಹೊರಗಿನಿಂದ ಮಾತ್ರ. 1945ರ ಏಪ್ರಿಲ್ 9ರಂದು ಫ್ಲೋಸನ್‌ಬುರ್ಗ್ ಶಿಬಿರದಲ್ಲಿ ಅವನನ್ನು ನೇಣಿಗೇರಿಸಿದರು. ಎರಡು ವಾರ ಕಳೆದು ಅಮೆರಿಕದ ಸೈನ್ಯ ಅಲ್ಲಿಗೆ ಬಂದು ಶಿಬಿರವನ್ನು ಬಿಡಿಸಿತು. ದೇವರ ತಾಳ್ಮೆಯ ಬಗ್ಗೆ ಬೋಧಿಸುವವರು ಈ ಎರಡು ವಾರಗಳನ್ನು ಮರೆತು ಮಾತಾಡಬಾರದು.

ಹಾಗಾದರೆ ಆ ಕಾಯುವಿಕೆ ಎಂಥದು? ಕೈಕಟ್ಟಿ ಕೂತು ನೋಡುವುದೇ? ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಮೂರು ವರ್ಷದಿಂದ ಹಣ್ಣು ಬಿಡದ ಅಂಜೂರದ ಮರವೊಂದಿದೆ. ಕಡಿದುಹಾಕು ಎನ್ನುತ್ತಾನೆ ಯಜಮಾನ. ಇನ್ನೊಂದು ವರ್ಷ ಬಿಡಿ ಎನ್ನುತ್ತಾನೆ ತೋಟಗಾರ. ಬಿಟ್ಟು ಸುಮ್ಮನಿರುವುದಿಲ್ಲ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಆಮೇಲೂ ಬಿಡದಿದ್ದರೆ ಕಡಿಯಬಹುದು ಎಂಬುದನ್ನೂ ಅವನೇ ಹೇಳುತ್ತಾನೆ. ಅದೇ ಅಧ್ಯಾಯದ ಕೊನೆಗೆ ಯೇಸು ಯೆರೂಸಲೇಮನ್ನು ನೆನೆದು ಮರುಗುತ್ತಾನೆ: ಕೋಳಿ ತನ್ನ ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವಂತೆ ಎಷ್ಟು ಸಲ ನಿನ್ನ ಮಕ್ಕಳನ್ನು ಕೂಡಿಸಿಕೊಳ್ಳಲು ಮನಸ್ಸು ಮಾಡಿದೆ, ನೀವೇ ಒಪ್ಪಲಿಲ್ಲ.

ಕೋಳಿಯನ್ನು ಕಾವಿಗೆ ಕೂರಿಸಿದ ಮನೆಯವರಿಗೆ ಗೊತ್ತು. 21 ದಿನ ಅದು ಮೇವಿಗೆ ಎದ್ದರೂ ಓಡಿ ಬಂದು ಕೂರುತ್ತದೆ. ಮೈ ಕಾದಿರುತ್ತದೆ, ಮೊಟ್ಟೆಗಳನ್ನು ಕಾಯುತ್ತಿರುತ್ತದೆ, ಒಡೆದು ಬರಲೆಂದೂ ಕಾಯುತ್ತಿರುತ್ತದೆ. ಕೋಶದಲ್ಲಿ ಬೇರೆ ಬೇರೆ ನಮೂದಾಗಿರುವ ಪದಗಳು ಆ ಗೂಡಿನಲ್ಲಿ ಒಂದೇ. ಬಿಸಿ ಆರಿದರೆ ಕಾಯುವುದಕ್ಕೆ ಅರ್ಥವಿಲ್ಲ. ದೇವರ ದೀರ್ಘಶಾಂತಿಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಅದು ತಣ್ಣಗಿನ ಸಹನೆಯಲ್ಲ, ಅನ್ಯಾಯ ಕಂಡರೂ ಕಾಣದಂತಿರುವುದಲ್ಲ. ಕೋಳಿಯ ಮಾತು ಹೇಳಿದ ಯೇಸು ಅದೇ ಉಸಿರಿನಲ್ಲಿ ತನ್ನ ಮರಳುವಿಕೆಯ ಮಾತನ್ನೂ ಎತ್ತುತ್ತಾನೆ, ಕರ್ತನ ಹೆಸರಿನಲ್ಲಿ ಬರುವವನಿಗೆ ಜಯಕಾರ ಹಾಕುವ ತನಕ ನೀವು ನನ್ನನ್ನು ಕಾಣುವುದಿಲ್ಲ ಎಂದು.

ಈ ಕಾವನ್ನು ತಡೆದುಕೊಳ್ಳಲಾರದೆ ಲೆಕ್ಕ ಹಾಕಿದವರು ಬಹಳ. ಆ ದಿನ ಯಾರಿಗೂ ತಿಳಿಯದು, ಮಗನಿಗೂ ತಿಳಿಯದು ಎಂದು ಮಾರ್ಕನ ಸುವಾರ್ತೆ ಹೇಳಿದ್ದರೂ ಹಾಕಿದರು. ಅಮೆರಿಕದ ರೈತ, ಬ್ಯಾಪ್ಟಿಸ್ಟ್ ಬೋಧಕ ವಿಲಿಯಂ ಮಿಲ್ಲರನ ಅನುಯಾಯಿಗಳು ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳಾಗಿ ಎಣಿಸಿ 1844ರ ಅಕ್ಟೋಬರ್ 22 ಎಂದು ಗೊತ್ತುಮಾಡಿಕೊಂಡರು. ಕೆಲವರು ಹೊಲದ ಬೆಳೆಯನ್ನು ತೆಗೆಯದೆ ಬಿಟ್ಟಿದ್ದರು. ಆ ರಾತ್ರಿ ಕಳೆದು ಬೆಳಕು ಹರಿದಾಗ ಬಿಕ್ಕಿಬಿಕ್ಕಿ ಅತ್ತರು. ಅವರನ್ನು ನೋಡಿ ನಗುವವರ ಗುಂಪಿಗೆ ನಾನು ಸೇರಲಾರೆ. ಒಬ್ಬನು ಬರುತ್ತಾನೆಂದು ಅಷ್ಟು ನಿಜವಾಗಿ ಕಾದವರು ನಮ್ಮಲ್ಲಿ ಎಷ್ಟು ಜನ? ಆದರೆ ದಿನ ಗೊತ್ತುಮಾಡುವವನು ತನಗೆ ಕೊಟ್ಟ ಕಾಲವನ್ನು ತಾನೇ ಕತ್ತರಿಸುತ್ತಾನೆ, ಉಳಿದವರ ಕಾಲವನ್ನೂ. ಅದು ತಪ್ಪು.

ಆದಿ ಸಭೆ ಈ ಕಾಲವನ್ನು ಹೇಗೆ ಹಿಡಿದಿತ್ತು ಎಂಬುದಕ್ಕೆ ಎರಡು ಪ್ರಾರ್ಥನೆಗಳು ಸಾಕ್ಷಿ. ಅಪೊಸ್ತಲರ ಉಪದೇಶವೆಂದು ಹೆಸರಾದ ‘ದಿದಖೆ’ ಎಂಬ ಕಿರುಹೊತ್ತಗೆಯಲ್ಲಿ, ಭೋಜನದ ನಂತರದ ಸ್ತೋತ್ರದ ಕೊನೆಗೆ, ಈ ಲೋಕ ಕಳೆದುಹೋಗಲಿ ಎಂದು ಬೇಡಿ ‘ಮಾರಾನಾಥಾ’ ಎನ್ನುತ್ತಾರೆ. ಅದು ಅರಮಾಯ ಮಾತು, ನಮ್ಮ ಕರ್ತನೇ ಬಾ ಎಂದು. ಪೌಲನೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಕೊನೆಗೆ ಅದನ್ನು ಅನುವಾದಿಸದೆ ಹಾಗೆಯೇ ಇಟ್ಟ. ಇನ್ನೊಂದು ಪ್ರಾರ್ಥನೆ ಕಾರ್ಥೇಜಿನ ತೆರ್ತುಲ್ಯಾನನಿಂದ ತಿಳಿಯುತ್ತದೆ. ಸುಮಾರು 197ರಲ್ಲಿ ರೋಮಿನ ಅಧಿಕಾರಿಗಳೆದುರು ತನ್ನವರ ಪರ ವಾದಿಸುತ್ತ ಅವನು ಹೇಳುತ್ತಾನೆ: ನಾವು ಸಾಮ್ರಾಟರಿಗಾಗಿ ಪ್ರಾರ್ಥಿಸುತ್ತೇವೆ, ಲೋಕದ ನೆಮ್ಮದಿಗಾಗಿ ಪ್ರಾರ್ಥಿಸುತ್ತೇವೆ, ಅಂತ್ಯವು ತಡವಾಗಲೆಂದೂ ಪ್ರಾರ್ಥಿಸುತ್ತೇವೆ. ಯಾರು ತಮ್ಮನ್ನು ಹಿಡಿದು ಕೊಲ್ಲಿಸುತ್ತಿದ್ದರೋ ಅವರಿಗೂ ಸೇರಿ ಕಾಲಾವಕಾಶ ಕೇಳುವ ಪ್ರಾರ್ಥನೆ ಅದು. ಬಾ ಎನ್ನುವವರೂ ತಡವಾಗಲಿ ಎನ್ನುವವರೂ ಒಂದೇ ಸಭೆಯ ಜನ, ಮತ್ತು ಎರಡೂ ಸರಿ ಎಂದು ನಾನು ನಂಬುತ್ತೇನೆ.

ಇಂದು ನಮ್ಮ ಆರಾಧನೆಗಳಲ್ಲಿ ಮೊದಲನೆಯದು ಉಳಿದಿದೆ. ಆಗಮನಕಾಲದ ನಾಲ್ಕು ಭಾನುವಾರಗಳಲ್ಲಿ ‘ಬಾ ಕರ್ತನೇ’ ಎಂದು ಹಾಡುತ್ತೇವೆ, ಮೇಣದ ಬತ್ತಿಗಳನ್ನು ಒಂದೊಂದಾಗಿ ಹಚ್ಚುತ್ತೇವೆ. ಎರಡನೆಯ ಪ್ರಾರ್ಥನೆಯನ್ನು ನಾನು ಎಲ್ಲೂ ಕೇಳಿಲ್ಲ. ಸಭಾಪಾಲಕರಲ್ಲಿ ನನ್ನ ವಿನಂತಿ ಇಷ್ಟೆ: ಈ ಸಲ ಮೊದಲ ಬತ್ತಿ ಹಚ್ಚುವ ಭಾನುವಾರ, ಬಾ ಎಂದು ಕರೆದ ಮೇಲೆ, ನಮಗೆ ಕೇಡು ಮಾಡಿದವರು ತಿರುಗಿಕೊಳ್ಳಲು ಇನ್ನಷ್ಟು ಕಾಲ ಕೊಡು ಎಂಬ ಒಂದು ಮಾತನ್ನೂ, ಅವರ ಕೈಯಲ್ಲಿ ನೊಂದವರನ್ನು ಅಷ್ಟು ಕಾಲವೂ ಕಾಯಿ ಎಂಬ ಇನ್ನೊಂದು ಮಾತನ್ನೂ ಸೇರಿಸಿ ಪ್ರಾರ್ಥಿಸಿ.